ಬೆಳ್ಳಿಗೆ ನಿಂತವಳು

ಒಂದು ಹೊಳೆ, ಹೊಳೆಗೊಂದು ಊರು. ಊರಿನ ಹೆಸರನ್ನು ನನಗೆ ಕತೆ ಹೇಳಿದವರು ಹೇಳಲಿಲ್ಲ. ಕಡಲಾಚೆ ರೋಮಿನ ಸೀಮೆ ಅಂತ ಒಬ್ಬರು, ಅಯ್ಯೋ ಅಷ್ಟು ದೂರ ಯಾಕೆ, ಇಲ್ಲೇ ಹೊಳೆ ತಿರುಗೋ ಕಡೆ ಅಂತ ಇನ್ನೊಬ್ಬರು. ಎಲ್ಲಾದರೂ ಇರಲಿ. ಆ ಊರಲ್ಲಿ ಚಿನ್ನದ ನಾಣ್ಯದ ಮೇಲೆ ರಾಜನಿರುತ್ತಿದ್ದ, ಬೆಳ್ಳಿಯ ನಾಣ್ಯದ ಮೇಲೆ ರಾಣಿ. ಚಿನ್ನ ಅರಮನೆ ಬಿಟ್ಟು ಈಚೆ ಬರುತ್ತಿರಲಿಲ್ಲ. ಹಾಗಾಗಿ ಜನ ಕಂಡಿದ್ದು ಬೆಳ್ಳಿಯನ್ನೇ, ರಾಣಿಯನ್ನೇ.

ಬೆಳ್ಳಿಯ ಮುಂದುಗಡೆ ರಾಣಿ ಪಕ್ಕಕ್ಕೆ ತಿರುಗಿ ಕೂತಿರುತ್ತಿದ್ದಳು, ಜಡೆಯನ್ನು ಸಿಂಬೆ ಸುತ್ತಿದ ಹಾಗೆ ಸುತ್ತಿ ತಲೆಯ ಹಿಂದಕ್ಕೆ ಕಟ್ಟಿಕೊಂಡು. ಹಿಂದುಗಡೆ ಒಂದು ಗುಣ. ಗುಣ ಅಂದರೆ ಅಕ್ಷರವಲ್ಲ, ನಿಂತ ಹೆಂಗಸು. ಹಸಿರು ಕೊಂಬೆ ಹಿಡಿದು ನಿಂತವಳು ಶಾಂತಿ. ಹಣ್ಣು ತುಂಬಿದ ಎತ್ತಿನ ಕೊಂಬನ್ನು ತೋಳಿನಲ್ಲಿ ಅವುಚಿಕೊಂಡವಳು ಸಿರಿ. ಬೆಂಕಿಯ ಮುಂದೆ ಎರಡೂ ಕೈ ಮೇಲೆತ್ತಿದವಳು ಭಕ್ತಿ.

ದಿನಾ ಬೆಳಿಗ್ಗೆ ಎದ್ದ ಕೂಡಲೇ ಊರಿನವರು ಬೆಳ್ಳಿಯನ್ನು ಅಂಗೈಗೆ ತೆಗೆದುಕೊಳ್ಳುತ್ತಿದ್ದರು. ರಾಣಿಯನ್ನು ಕಣ್ಣಿಗೆ, ಗುಣವನ್ನು ಎದೆಗೆ. ಕಣ್ಣಿಗೆ, ಎದೆಗೆ. ಆಮೇಲೆ ಒಲೆ ಹಚ್ಚುವುದು, ಆಮೇಲೆ ದನ ಬಿಡುವುದು.

ಇನ್ನು ಆ ಊರಿನ ಕಟ್ಟಳೆ. ಗುಣವನ್ನು ಸುಮ್ಮನೆ ಮನಸ್ಸಿನಲ್ಲಿ ನೆನೆದುಕೊಂಡು ಕೆತ್ತುವಂತಿರಲಿಲ್ಲ. ಉಸಿರಾಡುವ ಹೆಣ್ಣೊಬ್ಬಳು ಅಚ್ಚಿಗೆ ನಿಲ್ಲಬೇಕಿತ್ತು. ಅವಳು ಬೆಳ್ಳಿಗೆ ಇಳಿದ ಮೇಲೆ ಮೊದಲ ನಾಣ್ಯವನ್ನು ಅವಳ ನಾಲಿಗೆಯ ಮೇಲೆ ಇಡುತ್ತಿದ್ದರು. ಅಲ್ಲಿಗೆ ಅವಳ ಹುಟ್ಟಿದ ಹೆಸರು ಹೋಯಿತು. ಆಮೇಲೆ ಅವಳು ಬೆಳ್ಳಿಯಲ್ಲಿ ಹೇಗೆ ನಿಂತಿದ್ದಾಳೋ ಊರಲ್ಲೂ ಹಾಗೇ ಇರಬೇಕು. ಒಂದಿಷ್ಟು ಆಚೀಚೆ ಆಯಿತೋ, ಮನೆಮನೆಯ ಬೆಳ್ಳಿ ಮಸಕಾಗುತ್ತಿತ್ತು.

ಶಾಂತಿ ಒಮ್ಮೆ ಗಂಡನ ಮೇಲೆ ಚೆಂಬು ಎಸೆದಳಂತೆ. ಓಣಿಯ ಹೆಂಗಸರೆಲ್ಲ ನಾಣ್ಯ ಹಿಡಿದುಕೊಂಡು ಓಡಿ ಬಂದರು. "ತಾಯಿ, ನಿನ್ನ ಗಂಡ ಕತ್ತೇನೇ, ಯಾರು ಇಲ್ಲ ಅಂದ್ರು? ಆದ್ರೂ ಒಂಚೂರು ನಗವ್ವ, ಬೆಳ್ಳಿ ಕಪ್ಪಿಡ್ತಾ ಇದೆ." ಶಾಂತಿ ನಕ್ಕಳು. ಬೆಳ್ಳಿ ಬೆಳಗಿತು. ಸಿರಿ ದಾರಿಹೋಕರಿಗೆಲ್ಲ ಹಣ್ಣು ಹಂಚಿ, ಮನೆಗೆ ಬಂದು ನೀರು ಕುಡಿದು ಮಲಗುತ್ತಿದ್ದಳು. ಭಕ್ತಿಯ ಕೈ ಕೆಳಗಿಳಿಯುವಂತಿರಲಿಲ್ಲ. ಮೂಗು ಕಡಿದರೆ ಸೊಸೆಯನ್ನು ಕೂಗಬೇಕು. "ಎಡಗಡೆ ಕಣೇ... ಇನ್ನೂ ಮೇಲೆ... ಅಯ್ಯೋ ಕಣ್ಣಿಗೆ ಚುಚ್ಚಬೇಡ್ವೇ!" ಊರು ನಗುತ್ತಿತ್ತು. ನಕ್ಕು, ನಾಣ್ಯವನ್ನು ಕಣ್ಣಿಗೆ ಎದೆಗೆ ಮುಟ್ಟಿಸಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿತ್ತು.

ಈ ಬೆಳ್ಳಿಗೆಲ್ಲ ಅಚ್ಚು ಕೆತ್ತುತ್ತಿದ್ದವಳು ಒಬ್ಬ ಹೆಂಗಸು. ಊರೆಲ್ಲ ಅವಳನ್ನು ಅಕ್ಕ ಅಂತಲೇ ಕರೆಯುತ್ತಿತ್ತು. ಅವಳಿಗೊಬ್ಬ ತಂಗಿ ಇದ್ದಳು. ಆ ತಂಗಿ ಬೆಳಗಿನಿಂದ ಬೈಗಿನವರೆಗೆ "ಅಕ್ಕಾ, ಅಕ್ಕಾ" ಅಂತ ಕೂಗುವುದು ಬೀದಿಯ ಕೊನೆಯವರೆಗೂ ಕೇಳಿ, ಕೇಳಿದವರ ಬಾಯಿಗೂ ಅದೇ ಅಂಟಿಕೊಂಡಿತ್ತು. ತಾಯಿ ಸತ್ತಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಕ್ಕನೇ ಸೊಂಟದ ಮೇಲೆ ಹೊತ್ತು ಸಾಕಿದಳು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಉಳಿ.

ತಂಗಿಯ ಬಾಯಿಗೆ ಬೀಗವಿರಲಿಲ್ಲ. ಕೊಡದ ಜೊತೆ ಮಾತಾಡುವಳು, ಎಮ್ಮೆ ಜೊತೆ ಜಗಳವಾಡುವಳು, ಬಟ್ಟೆ ಒಗೆಯುತ್ತಾ ಕಲ್ಲಿಗೇ ಕತೆ ಹೇಳುವಳು. ಅವಳು ನಕ್ಕರೆ ಮಾಡಿನ ಮೇಲಿನ ಕಾಗೆ ಹಾರಿಹೋಗುತ್ತಿತ್ತು. "ಒಂದು ಗಳಿಗೆ ಬಾಯಿ ಮುಚ್ಚೇ, ಉಳಿ ಜಾರತ್ತೆ" ಅಂತ ಅಕ್ಕ ಗದರಿಸುವಳು. "ಉಳಿ ನಿನ್ನದು, ಬಾಯಿ ನಂದು" ಅನ್ನುವಳು ತಂಗಿ.

ಅಕ್ಕನ ಕೆಲಸ ತಿರುಗುಮುರುಗು ಕೆಲಸ. ಬೆಳ್ಳಿಯಲ್ಲಿ ಉಬ್ಬಿ ಕಾಣಬೇಕಾದ್ದನ್ನು ಕಬ್ಬಿಣದಲ್ಲಿ ಗುಳಿಯಾಗಿ ತೋಡಬೇಕು. ಬಲಗೈಯನ್ನು ಎಡಕ್ಕೆ ಕೆತ್ತಬೇಕು. ಸರಿ ಬಂತೋ ಇಲ್ಲವೋ ಅಂತ ಆಗಾಗ ಮೇಣ ಒತ್ತಿ ತೆಗೆದು ನೋಡಬೇಕು. ಇದನ್ನೆಲ್ಲ ಕಲಿಸಿದ ಅಪ್ಪ ಸಾಯುವಾಗ ಅವಳ ಕೈ ಹಿಡಿದು ಹೇಳಿದ್ದ: "ಅಚ್ಚಿಗೆ ನಿಂತವಳನ್ನ ಮಾತಾಡಿಸಬೇಡ ಮಗಳೇ. ಮಾತಾಡಿದ್ರೆ ಮುಖ ಅಲುಗತ್ತೆ, ಮುಖ ಅಲುಗಿದ್ರೆ ಗೆರೆ ಕೆಡತ್ತೆ. ಕಂಡಿದ್ದನ್ನ ಕೆತ್ತು. ಕೇಳೋಕೆ ಹೋಗಬೇಡ." ಅವನ ಅಪ್ಪ ಅವನಿಗೆ ಹೇಳಿದ್ದೂ ಅದೇ.

ಅಚ್ಚಿನ ಮನೆಯವರಿಗೆ ಇನ್ನೊಂದು ಕಟ್ಟಿತ್ತು. ಅವರು ಹೊಳೆ ದಾಟುವಂತಿಲ್ಲ. ಆ ಕೈ ಬೇರೆ ಊರಿಗೆ ಅಚ್ಚು ಕೆತ್ತಬಾರದು. ಅದಕ್ಕೇ ದೋಣಿ ನಿಲ್ಲುವ ಕಡವಿನಲ್ಲಿ ಕಾವಲಿನವನೊಬ್ಬ ಈಟಿ ಅಡ್ಡ ಇಟ್ಟುಕೊಂಡು ಕೂತಿರುತ್ತಿದ್ದ. ಅಕ್ಕ ಸಂಜೆ ಹೊತ್ತು ಆ ಕಡೆ ಹೋದರೆ, "ಏನಕ್ಕಾ, ದೋಣಿ ನೋಡೋಕೆ ಬಂದ್ಯಾ? ನೋಡು ನೋಡು, ನೋಡೋಕೇನು ಸುಂಕ ಇಲ್ಲ" ಅನ್ನುತ್ತಿದ್ದ. ಒಳ್ಳೆಯವನೇ. ಈಟಿ ಮಾತ್ರ ಅಡ್ಡವೇ ಇರುತ್ತಿತ್ತು.

ಹೀಗಿರುವಾಗ ಹಳೆಯ ರಾಣಿ ತೀರಿಕೊಂಡಳು. ಹಳೆಯ ರಾಣಿಯ ಚಿತೆ ಆರುವುದರೊಳಗೆ ಹೊಸ ರಾಣಿಯ ಬೆಳ್ಳಿ ಬೀಳಬೇಕು, ಇಲ್ಲದಿದ್ದರೆ ಊರು ರಾಣಿಯಿಲ್ಲದ ಊರಾಗುತ್ತದೆ. ನಾಣ್ಯ ಹೊಡೆಯುವ ಟಂಕಸಾಲೆಯ ಯಜಮಾನ ಏದುಸಿರು ಬಿಡುತ್ತಾ ಅಕ್ಕನ ಬಾಗಿಲಿಗೆ ಬಂದ.

"ಹೊಸ ರಾಣಿಯವರಿಗೆ ಲಜ್ಜೆ ಬೇಕಂತೆ."

"ಲಜ್ಜೆ ಅಂದ್ರೆ ಹೇಗಿರತ್ತೆ ಯಜಮಾನರೇ?"

"ನನ್ನ ಕೇಳ್ತೀಯಲ್ಲ, ನಾನು ಲಜ್ಜೆ ಬಿಟ್ಟು ಎಷ್ಟೋ ಕಾಲ ಆಯ್ತು! ತಲೆ ಮೇಲೆ ಸೆರಗು, ಸೆರಗಿನ ಅಂಚಿಗೆ ಕೈ. ಮುಖ ಮುಚ್ಚಿಕೊಳ್ಳೋಕೆ ಹೊರಟಿರಬೇಕು, ಪೂರ್ತಿ ಮುಚ್ಚಿರಬಾರದು. ಅಷ್ಟೇ ನನಗೆ ಗೊತ್ತಿರೋದು."

ಊರಿನ ಹುಡುಗಿಯರನ್ನು ಒಬ್ಬೊಬ್ಬರಾಗಿ ತಂದು ನಿಲ್ಲಿಸಿದರು. ಒಬ್ಬಳು ನೊಣ ಓಡಿಸುವ ಹಾಗೆ ಸೆರಗು ಎಳೆದಳು. ಒಬ್ಬಳು ಎಳೆದ ರಭಸಕ್ಕೆ ಎದುರಿದ್ದ ಕಂಬವೇ ಕಾಣದೆ ಹಣೆ ಬಡಿಸಿಕೊಂಡಳು. ಇನ್ನೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಯಾರನ್ನೂ ಒಪ್ಪಲಿಲ್ಲ. ಅಷ್ಟರಲ್ಲಿ ಸಾವಿನ ಕಹಳೆ ಕೇಳಿ ಊರಿಗೆ ಊರೇ ಚಿತೆಯ ಬಯಲಿಗೆ ಹೋಯಿತು. ಓಣಿ ಖಾಲಿ. ಕಬ್ಬಿಣದ ತುಂಡನ್ನು ಮುಂದಿಟ್ಟುಕೊಂಡು ಅಕ್ಕ ಒಬ್ಬಳೇ ಕೂತಳು. ದೂರದಲ್ಲಿ ಹೊಗೆ ಏಳುತ್ತಿತ್ತು.

ಆಗ ತಂಗಿ ಹೊಳೆಯ ಕಡೆಯಿಂದ ಓಡುತ್ತಾ ಬಂದಳು. ಬಾಗಿಲಲ್ಲಿ ನಿಂತಳು. ಹಿಂದಿನಿಂದ ಬಿಸಿಲು. ಒಂದು ಕಾಲು ಹೊಸಿಲಿಗಿಂತ ಮುಂದೆ. ತಲೆಯ ಮೇಲೆ ಸೆರಗು, ಸೆರಗಿನ ಅಂಚಿಗೆ ಕೈ. ತುಟಿ ತುಸು ಬಿರಿದು ನಡುಗುತ್ತಿತ್ತು.

"ಅಕ್ಕಾ, ಒಂದು ಮಾತು—"

"ಹಾಗೇ ನಿಲ್ಲು!" ಅಂದಳು ಅಕ್ಕ. "ಅಲ್ಲಾಡಬೇಡ, ನಿನ್ನ ದಮ್ಮಯ್ಯ. ಹಾಗೇ."

"ಅಕ್ಕಾ, ಮೊದಲು ಕೇಳು—"

"ಶ್! ಆಮೇಲೆ."

ಉಳಿ ಕಬ್ಬಿಣ ಕಚ್ಚಿತು. ಉಳಿ ಕೈಗೆ ಬಂದ ಮೇಲೆ ಅಕ್ಕನಿಗೆ ತಂಗಿ ಕಾಣುತ್ತಿರಲಿಲ್ಲ, ಗೆರೆ ಕಾಣುತ್ತಿತ್ತು. ಸೆರಗಿನ ಮಡಿಕೆ ಕಾಣುತ್ತಿತ್ತು, ಬೆರಳಿನ ಬಿಗಿ ಕಾಣುತ್ತಿತ್ತು. ತುಟಿಯ ನಡುಕ ಕಂಡಿತು. ಇದೇ ಲಜ್ಜೆ ಅಂದುಕೊಂಡು ಅದನ್ನೂ ತೋಡಿದಳು. ಹೊಳೆಯಲ್ಲಿ ಅಂಬಿಗ ಕೊಂಬು ಊದಿದ. ತಂಗಿಯ ಕಣ್ಣು ಆ ಕಡೆ ಹೊರಳಿತು. "ಕಣ್ಣು ಈಚೆ" ಅಂದಳು ಅಕ್ಕ, ತಲೆ ಎತ್ತದೆ. ಅಂಬಿಗ ಮತ್ತೆ ಊದಿದ. ತಂಗಿ ಅಲುಗಲಿಲ್ಲ. ಅಕ್ಕ ಮೇಣ ಒತ್ತಿದಳು, ತೆಗೆದಳು, ನೋಡಿದಳು, ಮತ್ತೆ ತೋಡಿದಳು. ಮೂರನೆಯ ಕೊಂಬು ಕೇಳಲಿಲ್ಲ. ಹೊಗೆ ತೆಳ್ಳಗಾಗುತ್ತಾ ಬಂತು.

ಅಚ್ಚು ಮುಗಿದಾಗ ಅಕ್ಕನ ಕಣ್ಣಲ್ಲಿ ನೀರು. ಅಂಥಾ ಕೆತ್ತನೆಯನ್ನು ಅವಳ ಅಪ್ಪನೂ ಮಾಡಿರಲಿಲ್ಲ. ಯಜಮಾನ ಓಡಿ ಬಂದ, ಅಚ್ಚನ್ನು ಎತ್ತಿಕೊಂಡ. ಬೆಳ್ಳಿಯ ಬಿಲ್ಲೆ ಇಟ್ಟು ಸುತ್ತಿಗೆ ಹೊಡೆದರು. ಚಿತೆಯಿಂದ ಬಂದ ಜನ ಬೂದಿಗಾಲಿನಲ್ಲೇ ಅಂಗಳ ತುಂಬಿದರು. ತಂಗಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದರು, ಬಾಯಿ ತೆರೆ ಅಂದರು, ಇನ್ನೂ ಬಿಸಿಯಿದ್ದ ನಾಣ್ಯವನ್ನು ನಾಲಿಗೆಯ ಮೇಲೆ ಇಟ್ಟರು. "ಲಜ್ಜಮ್ಮಾ" ಅಂತ ಕೂಗಿದರು. ಏನೋ ಹೇಳಬೇಕು ಅಂತ ಬಂದಿದ್ದೆಯಲ್ಲ, ಏನದು, ಅಂತ ಅಕ್ಕ ಕೇಳಬಹುದಿತ್ತು. ಜನ ಅವಳನ್ನು ಹೊಗಳುತ್ತಿದ್ದರು. ಅವಳು ಹೊಗಳಿಸಿಕೊಳ್ಳುತ್ತಿದ್ದಳು. ಮರೆತುಹೋಯಿತು.

ಆಮೇಲೆ ಕಾಲ ಹೊಳೆಯ ಹಾಗೆ ಹರಿಯಿತು.

ಲಜ್ಜಮ್ಮ ಒಳಕೋಣೆಯಲ್ಲಿ, ತಲೆಯ ಮೇಲೆ ಸೆರಗು, ಸೆರಗಿನ ಅಂಚಿಗೆ ಕೈ ಹಿಡಿದು ಕೂತಳು. ಮದುವೆಯಾಗುವ ಹುಡುಗಿಯರು ಬಂದು ಕಾಲು ಮುಟ್ಟಿ ಹೋದರು. ಕೊಡ ಸುಮ್ಮನಾಯಿತು, ಎಮ್ಮೆ ಸುಮ್ಮನಾಯಿತು, ಕಾಗೆ ಮಾಡಿನ ಮೇಲೆ ಹೆದರದೆ ಕೂತಿತು. ಅಕ್ಕನಿಗೆ ಮನೆ ಬಿಕೋ ಅನ್ನುತ್ತಿತ್ತು. ಆದರೂ ಒಳಗೆಲ್ಲೋ ಒಂದು ಮೂಲೆಯಲ್ಲಿ ಸಮಾಧಾನವಿತ್ತು: ಇನ್ನು ಇವಳು ಯಾರ ಮನೆಗೂ ಹೋಗುವುದಿಲ್ಲ, ಇಲ್ಲೇ ಇರುತ್ತಾಳೆ, ನನ್ನ ಕಣ್ಣ ಮುಂದೆ. ಆ ಸಮಾಧಾನವನ್ನು ಅವಳು ಯಾರಿಗೂ ಹೇಳಲಿಲ್ಲ. ತನಗೂ ಹೇಳಿಕೊಳ್ಳಲಿಲ್ಲ.

ಒಂದೇ ಒಂದು ಚಿಂತೆ. ಲಜ್ಜೆಯ ಬೆಳ್ಳಿ ಮೊದಲ ದಿನದಿಂದಲೇ ಮಸಕು. ಹುಣಸೆಹಣ್ಣು ಹಾಕಿ ತಿಕ್ಕಿದರು, ಒಲೆಯ ಬೂದಿ ಹಾಕಿ ತಿಕ್ಕಿದರು. ಬೆಳಿಗ್ಗೆ ಬೆಳಗಿದ್ದು ಸಂಜೆಗೆ ಮತ್ತೆ ಕಪ್ಪು. ಓಣಿಯವರು ಕಿಟಕಿಯ ಹತ್ತಿರ ಬಂದು ನಿಲ್ಲುವರು. "ಲಜ್ಜಮ್ಮಾ, ನಿನ್ನೆ ಕಿಟಕೀಲಿ ಆಕಾಶ ನೋಡಿದೆಯಂತೆ?" "ಸೆರಗು ಇನ್ನೊಂಚೂರು ಮುಂದಕ್ಕೆ ಎಳ್ಕೋ ತಾಯಿ." ಅವಳು ಎಳೆದುಕೊಂಡಳು. ಬೆಳ್ಳಿ ಇನ್ನೂ ಕಪ್ಪಾಯಿತು. ಕಿಟಕಿ ಮುಚ್ಚಿದರು. ಇನ್ನೂ ಕಪ್ಪಾಯಿತು. "ನೀನಾದ್ರೂ ಬುದ್ಧಿ ಹೇಳಬಾರದಾ ಅಕ್ಕಾ?" ಅಂತ ಕೇಳಿದರು. ಅಕ್ಕ ಒಳಗೆ ಹೋಗಿ, ಸೆರಗನ್ನು ತಾನೇ ಎಳೆದು ಸರಿಮಾಡಿದಳು. ಆಗ ತಂಗಿಯ ಕೈ ಅವಳ ಕೈಗೆ ತಾಗಿತು. ತಣ್ಣಗಿತ್ತು.

ಇಬ್ಬರ ತಲೆಯೂ ಬೆಳ್ಳಗಾದ ಮೇಲೆ ಒಂದು ಬೆಳಿಗ್ಗೆ ಆಚೆ ದಡದಿಂದ ಉಪ್ಪು ಮಾರುವವಳು ಬಂದಳು. ಅಕ್ಕ ಉಪ್ಪು ಅಳೆಸಿಕೊಂಡು, ದೊಡ್ಡ ನಾಣ್ಯ ಕೊಟ್ಟಳು. ಉಪ್ಪಿನವಳು ಸೊಂಟದ ಚೀಲ ಬಿಚ್ಚಿ ಚಿಲ್ಲರೆ ತೆಗೆದಳು. ಅದರಲ್ಲಿ ಒಂದು ನಾಣ್ಯ ಬೆಳದಿಂಗಳ ತುಂಡಿನ ಹಾಗೆ ಹೊಳೆಯಿತು.

ಅಕ್ಕ ಅದನ್ನು ತಿರುಗಿಸಿ ನೋಡಿದಳು. ತಾನೇ ಕೆತ್ತಿದ್ದು. ಲಜ್ಜೆ.

"ಇದನ್ನ ಏನು ಹಾಕಿ ತಿಕ್ಕಿದೆಯವ್ವ?"

"ತಿಕ್ಕೋದಾ? ಉಪ್ಪಿನ ಚೀಲದಲ್ಲಿ ಬಿದ್ದಿರತ್ತೆ, ನನಗೆ ತಿಕ್ಕೋಕೆ ಬೇರೆ ಕೆಲಸ ಇಲ್ವಾ? ನಮ್ಮ ಕಡೆ 'ಹೊರಟವಳು' ಎಲ್ಲಾ ಹೀಗೇ ಹೊಳೀತಾವೆ."

"ಹೊರಟವಳು ಅಂದ್ರೆ?"

"ಇದೇ ಕಣಕ್ಕಾ. ನಾವು ಹಾಗೇ ಕರೆಯೋದು. ಕಾಲು ನೋಡು, ಮುಂದಿಟ್ಟಿದಾಳೆ. ಬಾಯಿ ನೋಡು, ಏನೋ ಹೇಳೋಕೆ ತೆರೆದಿದಾಳೆ. ಹೇಳೋಕೆ ಅಡ್ಡ ಅಂತ ಸೆರಗು ಸರಿಸ್ತಾ ಇದಾಳೆ. ಹೊರಡೋಕೆ ಮುಂಚೆ ಹೇಳಿ ಹೋಗೋಕೆ ಬಂದಿದಾಳೆ ಪಾಪ. ಕೆತ್ತಿದವರು ಯಾರೋ, ಒಳ್ಳೇ ಕಣ್ಣು ಅವರದ್ದು."

ಅಕ್ಕ ಉಪ್ಪನ್ನು ಹಾಗೇ ಬಿಟ್ಟಳು. ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಒಳಕೋಣೆಗೆ ಬಂದಳು. ಸೆರಗು ಮುಚ್ಚಿಕೊಳ್ಳುವ ಕೈಯೂ ಸೆರಗು ಸರಿಸುವ ಕೈಯೂ ಒಂದೇ ಕಡೆ ಇರುತ್ತದೆ, ಅಂಚಿನಲ್ಲಿ. ಎತ್ತ ಹೊರಟಿದೆ ಅಂತ ಕೈಯನ್ನು ನೋಡಿದರೆ ತಿಳಿಯುವುದಿಲ್ಲ. ಕೈ ಯಾರದೋ ಅವಳನ್ನು ಕೇಳಬೇಕು.

ತಂಗಿಯ ಮುಂದೆ ನೆಲದ ಮೇಲೆ ಕೂತಳು. "ಆವತ್ತು ಏನು ಹೇಳೋಕೆ ಬಂದಿದ್ದೆಯೇ?"

ತಂಗಿ ಕಣ್ಣಿನಲ್ಲೇ ಹೊರಗೆ ತೋರಿಸಿದಳು: ಓಣಿ, ಜನ, ಬೆಳ್ಳಿ.

"ಕಪ್ಪಾದ್ರೆ ಕಪ್ಪಾಗಲಿ. ಬೆಂಕಿ ಬೀಳಲಿ ಬೆಳ್ಳಿಗೆ. ಹೇಳು."

ಕೊನೆಗೆ ತಂಗಿ ಸೆರಗನ್ನು ಹಿಂದಕ್ಕೆ ಸರಿಸಿದಳು. ದನಿ ತುಕ್ಕು ಹಿಡಿದ ಅಗುಳಿಯ ಹಾಗೆ ಬಂತು.

"ದೋಣಿ ಕಾಯ್ತಾ ಇತ್ತು."

"ಯಾರಿಗೆ? ಯಾವನವನು? ನನಗೆ ಹೇಳಿದ್ರೆ ನಾನು ಬೇಡ ಅಂತಿದ್ನಾ?"

ತಂಗಿಗೆ ನಗು ಬಂತು. ಬಹಳ ಕಾಲದ ನಗು, ಹೊರಬರಲು ದಾರಿ ತಿಳಿಯದೆ ಕೆಮ್ಮಾಗಿ ಬಂತು. "ಯಾವನೂ ಇಲ್ಲ ಕಣಕ್ಕಾ, ನಿನ್ನ ತಲೆ! ಕಾವಲಿನವನೂ ಚಿತೆ ನೋಡೋಕೆ ಹೋಗಿದ್ದ. ಕಡವಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಅಂಬಿಗ, ಇಬ್ಬರನ್ನೂ ದಾಟಿಸ್ತೀನಿ, ಬೇಗ ಬನ್ನಿ ಅಂದ. ನಿನ್ನ ಕರೆಯೋಕೆ ಓಡಿ ಬಂದೆ."

"ನನ್ನನ್ನ?"

"ನಿನ್ನನ್ನೇ. ಸಂಜೆ ಹೊತ್ತು ಕಡವಿಗೆ ಹೋಗಿ ಆಚೆ ದಡ ನೋಡ್ತಾ ನಿಂತಿರ್ತಿದ್ದೆಯಲ್ಲ. ಆವತ್ತೊಂದು ದಿನ ಈಟಿ ಅಡ್ಡ ಇರಲಿಲ್ಲ."

ಅಕ್ಕ ಮುಷ್ಟಿಯಲ್ಲಿದ್ದ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ, "ಮತ್ತೆ ಯಾಕೇ ನಿಂತೆ? ನನ್ನ ಕೈ ಕೊಡವಿ ಎಳ್ಕೊಂಡು ಹೋಗಬಾರದಾಗಿತ್ತಾ?"

"ಈಗ ತಲೆ ಎತ್ತಿ ಕೇಳ್ತಾಳೆ, ಈಗ ಕೇಳ್ತಾಳೆ ಅಂತ ಕಾದೆ" ಅಂದಳು ತಂಗಿ.

ಹೊರಗೆ ಗದ್ದಲವೆದ್ದಿತು. ಓಣಿಯ ತುಂಬ ಜನ, ಕೈ ತುಂಬ ನಾಣ್ಯ. ಬೈಯಲು ಬಂದಿದ್ದಾರೆ ಅಂದುಕೊಂಡಳು ಅಕ್ಕ. ಅಲ್ಲ. ಲಜ್ಜೆಯ ಬೆಳ್ಳಿ ಮನೆಮನೆಯಲ್ಲೂ ಇದ್ದಕ್ಕಿದ್ದ ಹಾಗೆ ಥಳಥಳ ಹೊಳೆದಿತ್ತು. "ಏನು ಮಾಡಿದಳು ನಮ್ಮ ಲಜ್ಜಮ್ಮ?" ಅಂತ ಕೇಳಿದರು.

ಅಕ್ಕ ತಂಗಿಯ ಕೈ ಹಿಡಿದು ಹೊಸಿಲಿಗೆ ಬಂದಳು. ಸಂಕಟ, ಸಂತೋಷ ಎರಡೂ ಒಟ್ಟಿಗೆ ಬಂದಾಗ ಮನುಷ್ಯರು ಮಾತನ್ನು ಅಳೆದು ಆಡುವುದಿಲ್ಲ. "ಇವಳು ಲಜ್ಜೆ ಅಲ್ಲ!" ಅಂತ ಕೂಗಿದಳು. "ತಪ್ಪು ನಂದು. ನಾನು ಕೇಳಲಿಲ್ಲ. ಇವಳು ಮುಚ್ಚಿಕೊಳ್ತಾ ಇರಲಿಲ್ಲ, ಸೆರಗು ಸರಿಸ್ತಾ ಇದ್ದಳು. ಇವಳು ಹೊರಟವಳು!"

ಓಣಿ ನಾಣ್ಯವನ್ನು ತಿರುಗಿಸಿ ನೋಡಿತು. ಕಾಲು ನೋಡಿತು, ಬಾಯಿ ನೋಡಿತು. ಹೌದಲ್ಲ, ಅಂದಿತು. ಒಬ್ಬ ಮುದುಕಿ ಅಳುತ್ತಾ ತಂಗಿಯ ಕಾಲಿಗೆ ಬಿದ್ದಳು. "ಎಷ್ಟು ಕಾಲ ಕೂರಿಸಿಬಿಟ್ಟೆವು ತಾಯಿ ನಿನ್ನ!" ಯಜಮಾನನ ಮಗ, ಈಗ ಅವನೇ ಯಜಮಾನ, ಕೈಮುಗಿದ. ಎಲ್ಲರೂ ಬೆಳ್ಳಿಯನ್ನು ಕಣ್ಣಿಗೆ ಎದೆಗೆ ಮುಟ್ಟಿಸಿಕೊಂಡರು. ಆ ರಾತ್ರಿ ಅಕ್ಕ ತಂಗಿ ಒಂದೇ ಚಾಪೆಯ ಮೇಲೆ ಮಲಗಿದರು. ನಾಳೆ ಅಂಗಳದಲ್ಲಿ ಕೂತು ಎಲ್ಲ ಹೇಳ್ತೀನಿ, ಎಮ್ಮೆಯ ಮೇಲಿನ ದೂರಿನಿಂದ ಶುರುಮಾಡಿ ಎಲ್ಲ, ಅಂದಳು ತಂಗಿ. ಅವಳಿಗೆ ಮಂಡಿ ನೋವು. ಅಕ್ಕ ಎಣ್ಣೆ ಹಚ್ಚಿ ತಿಕ್ಕಿದಳು.

ಬೆಳಗಾಗುತ್ತಲೇ ಬಾಗಿಲು ಬಡಿದರು.

"ಹೊರಡವ್ವ" ಅಂದರು ಓಣಿಯವರು. ಹೂವು ತಂದಿದ್ದರು, ಬುತ್ತಿ ತಂದಿದ್ದರು. "ನೀನು ಹೊರಟವಳು. ರಾತ್ರಿಯಿಂದ ಕೂತೇ ಇದ್ದೀಯಾ. ನೋಡು, ಬೆಳ್ಳಿ ಮಂಕಾಗ್ತಾ ಇದೆ."

"ಮಂಡಿ ನೋವು ಅವಳಿಗೆ" ಅಂದಳು ಅಕ್ಕ. "ಎರಡು ದಿನ ಇರಲಿ. ಇನ್ನೂ ಮಾತೇ ಆಡಿಲ್ಲ ನಾವು."

"ಹೊರಟವಳು ಹೇಗೆ ಇರೋದು ಅಕ್ಕಾ? ನೀನೇ ಹೇಳಿದೆಯಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮದುವಣಗಿತ್ತಿಯನ್ನು ಕಳಿಸಿಕೊಡುವವರ ಮೆತ್ತಗಿನ ದನಿ. ಇಬ್ಬರು ಹೆಂಗಸರು ತಂಗಿಯ ತೋಳು ಹಿಡಿದು ಎಬ್ಬಿಸಿದರು. ಕುಂಟುತ್ತಾ ನಡೆದಳು. ನಡೆದ ಹಾಗೆ ಬೆಳ್ಳಿ ಬೆಳಗಿತು. ಜನ ಹರ್ಷದಿಂದ ಕೂಗಿದರು.

ಕಡವಿನಲ್ಲಿ ದೋಣಿ ಸಿದ್ಧವಾಗಿತ್ತು. ಹೊರಟವಳಿಗೆ ಕಟ್ಟಿಲ್ಲ ಅಂತ ತಂಗಿಯನ್ನು ಹತ್ತಿಸಿದರು. ಅಕ್ಕ ಹಿಂದೆಯೇ ಹೋದಳು. ಕಾವಲಿನವ, ಹಳೆಯವನ ಮೊಮ್ಮಗ ಇರಬೇಕು, ಈಟಿಯನ್ನು ಅಡ್ಡ ಹಿಡಿದ. ಅಕ್ಕ ಅದರ ಕೆಳಗೆ ಬಗ್ಗಿ ನುಗ್ಗಿದಳು, ದೋಣಿಯ ಹಲಗೆಯ ಮೇಲೆ ಒಂದು ಕಾಲು ಇಟ್ಟಳು. ದಡದ ಮೇಲಿನ ಕೈಗಳಲ್ಲಿ ಬೆಳ್ಳಿ ಇದ್ದಲಿನಂತಾಯಿತು.

"ಅಯ್ಯೋ ಅಕ್ಕಾ, ಇಳಿ ಇಳಿ!" ಅಂತ ಎಳೆದುಕೊಂಡರು. ಯಜಮಾನ ನಾಣ್ಯವನ್ನು ಅವಳ ಕಣ್ಣ ಮುಂದೆ ಹಿಡಿದ. ಹೆದರಿದ್ದ, ಆದರೂ ಮರ್ಯಾದೆಯಿಂದಲೇ ಹೇಳಿದ. "ನೀವೇ ನೋಡಿ ಅಕ್ಕಾ. ನೀವೇ ಕೆತ್ತಿದ್ದು. ಇದರಲ್ಲಿ ಒಬ್ಬಳೇ ಇದಾಳೆ."

ಅಕ್ಕ ನೋಡಿದಳು. ಹೌದು. ಕಾಲು ಮುಂದಿಟ್ಟವಳ ಎದುರು, ಅವಳು ಯಾರನ್ನು ಕರೆಯಲು ಬಂದಿದ್ದಳೋ ಅವಳು ಇರಬೇಕಾದ ಜಾಗದಲ್ಲಿ, ಬರೀ ಬೆಳ್ಳಿ ಬಯಲು. ಅಷ್ಟು ಜಾಗವಿತ್ತು. ಆವತ್ತು ಅದು ಖಾಲಿ ಇದ್ದರೆ ಚೆಂದ ಅನ್ನಿಸಿತ್ತು.

ಅಂಬಿಗ ನೀರಿಗೆ ಬಿದಿರಿನ ಗಳ ಊರಿದ. ದೋಣಿ ದಡ ಬಿಟ್ಟಿತು. ತಂಗಿ ಅಕ್ಕನ ಕಡೆ ತಿರುಗಿ ಕೂತಳು, ಸೆರಗು ಹೆಗಲಿಗೆ ಜಾರಿತ್ತು, ಬಿಳಿ ಕೂದಲು ಗಾಳಿಗೆ ಹಾರುತ್ತಿತ್ತು. ಅವಳು ಮಾತಾಡತೊಡಗಿದಳು. ನಾಳೆ ಹೇಳ್ತೀನಿ ಅಂದಿದ್ದೆಲ್ಲ ಇರಬೇಕು, ಕೈ ಬಾಯಿ ತಿರುಗಿಸುತ್ತಾ, ನಡುನಡುವೆ ನಗುತ್ತಾ. ಗಾಳಿ ಆಚೆ ದಡದ ಕಡೆಗೆ ಬೀಸುತ್ತಿತ್ತು. ಒಂದು ಮಾತೂ ಈಚೆ ಬರಲಿಲ್ಲ.

ಅಕ್ಕ ನೀರಿನಂಚಿನಲ್ಲಿ ನಿಂತು, ದೋಣಿ ಚುಕ್ಕಿಯಾಗುವವರೆಗೂ, ಹೂಂ ಅಂದಳು. ಹೂಂ, ಹೂಂ, ಆಮೇಲೆ, ಅಂದಳು.